ಡಿಬ್ರೀಫಿಂಗ್ ಕೋಣೆಯ ನ್ಯಾಯ ಬಾಗಿಲಾಚೆಗೂ ಬರಲಿ: ಸ್ಕ್ವಾಡ್ರನ್ ಕಮಾಂಡರ್‌ಗಳಿಗೆ ಬಹಿರಂಗ ಪತ್ರ

ಮಾನ್ಯ ಸ್ಕ್ವಾಡ್ರನ್ ಕಮಾಂಡರ್‌ಗಳೇ,

ವಾಯುಪಡೆಯಲ್ಲಿರಲಿ, ನೌಕಾಪಡೆ ಅಥವಾ ಭೂಸೇನೆಯ ವಿಮಾನ ವಿಭಾಗದಲ್ಲಿರಲಿ, ಹಾರಾಟ ನಡೆಸುವ ಘಟಕವೊಂದರ ಹೊಣೆ ಹೊತ್ತಿರುವ ನಿಮ್ಮೆಲ್ಲರಿಗೂ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಅಧೀನದಲ್ಲಿ ಇಪ್ಪತ್ತರ ಹರೆಯದ ಅಧಿಕಾರಿಗಳಿದ್ದಾರೆ. ಒಂದು ಪಡೆಯಲ್ಲಿ ಅವರು ಫ್ಲೈಯಿಂಗ್ ಆಫೀಸರ್, ಇನ್ನೊಂದರಲ್ಲಿ ಲೆಫ್ಟಿನೆಂಟ್, ಮತ್ತೊಂದರಲ್ಲಿ ಎನ್‌ಸೈನ್. ಪದನಾಮ ಬೇರೆಯಾದರೂ ಅವರ ದಿನಚರಿ, ಅವರ ನಡುವಿನ ರೂಢಿಗಳು, ಹಿರಿಯರ ಎದುರು ಅವರು ನುಂಗಿಕೊಳ್ಳುವ ಮಾತುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹಾರಾಟ ಸುರಕ್ಷತೆಯ ವಿಷಯವನ್ನು ಓದುತ್ತ, ಬೋಧಿಸುತ್ತ, ಈ ಯುವಕ ಯುವತಿಯರ ಜೊತೆ ಗಂಟೆಗಟ್ಟಲೆ ಮಾತನಾಡುತ್ತ ಬಂದಿರುವ ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ದರ್ಜೆ ನೋಡದೆ ತಪ್ಪನ್ನು ಮುಕ್ತವಾಗಿ ಹೇಳುವ ನಿಮ್ಮ ವೃತ್ತಿಯ ಅತ್ಯುತ್ತಮ ರೂಢಿಯೊಂದು ನಿಮ್ಮ ಕಟ್ಟಡದ ಒಂದು ಕೋಣೆಯೊಳಗೆ, ಅಂದರೆ ಹಾರಾಟ ಮುಗಿದ ಮೇಲೆ ಅದರ ತಪ್ಪುಒಪ್ಪುಗಳನ್ನು ಚರ್ಚಿಸುವ ಡಿಬ್ರೀಫಿಂಗ್ ಕೋಣೆಯೊಳಗೆ ಮಾತ್ರ ನಡೆಯುತ್ತಿದೆ. ಅದನ್ನು ಕಿರಿಯ ಅಧಿಕಾರಿಯ ಇಡೀ ದಿನಕ್ಕೆ ವಿಸ್ತರಿಸಿ.

ಹೊರಗಿನವರು ಈ ಅಧಿಕಾರಿಗಳೆಂದರೆ ಸದಾ ಆಕಾಶದಲ್ಲಿರುವವರೆಂದು ಭಾವಿಸುತ್ತಾರೆ. ಅವರ ಬದುಕಿನ ಬಹುಪಾಲು ನೆಲದ ಮೇಲೇ ಕಳೆಯುತ್ತದೆ ಎಂಬುದು ನಿಮಗೆ ಗೊತ್ತು. ಈ ಪತ್ರವನ್ನು ಓದುವ ಸಾರ್ವಜನಿಕರಿಗೂ ಗೊತ್ತಿರಲಿ. ದಿನ ಆರಂಭವಾಗುವುದು ಹವಾಮಾನದ ವರದಿಯಿಂದ. ಅದರ ಬೆನ್ನಿಗೇ ಆ ದಿನದ ತುರ್ತು ಪರಿಸ್ಥಿತಿಯ ಪ್ರಶ್ನೆ ಬರುತ್ತದೆ. ಟೇಕಾಫ್ ಆದ ಕೆಲವೇ ಕ್ಷಣಗಳಲ್ಲಿ ಎಂಜಿನ್‌ಗೆ ಬೆಂಕಿಯ ಸೂಚನೆ ಬಂದಿದೆ, ಈಗೇನು ಮಾಡುತ್ತೀರಿ ಎಂದು ಕೇಳಿದರೆ ಹೆಸರು ಕರೆಸಿಕೊಂಡ ಕಿರಿಯ ಪೈಲಟ್ ಎದ್ದು ನಿಂತು, ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಕ್ರಮಗಳನ್ನು ಒಂದು ಪದವೂ ಆಚೀಚೆಯಾಗದಂತೆ ಒಪ್ಪಿಸಬೇಕು. ತಡವರಿಸಿದರೆ ಆ ದಿನದ ಹಾರಾಟ ಕೈತಪ್ಪಬಹುದು. ಇದನ್ನು ಕ್ರೌರ್ಯವೆಂದು ನಾನು ಎಂದೂ ಅಂದುಕೊಂಡಿಲ್ಲ. ಕಾಕ್‌ಪಿಟ್‌ನಲ್ಲಿ ಕೈಪಿಡಿಯ ಪುಟ ತಿರುವಲು ಸಮಯವಿರುವುದಿಲ್ಲ, ಅಷ್ಟೇ.

ಒಂದು ಗಂಟೆಯ ಹಾರಾಟವು ಒಂದು ಇಡೀ ದಿನವನ್ನು ನುಂಗಿಹಾಕುತ್ತದೆ. ಹಿಂದಿನ ಸಂಜೆಯೇ ನಕ್ಷೆ ಮತ್ತು ಇಂಧನದ ಲೆಕ್ಕ ಮುಗಿದಿರಬೇಕು. ಬೆಳಿಗ್ಗೆ ಹಾರಾಟದ ಯೋಜನೆ ವಿವರಿಸುವ ಬ್ರೀಫಿಂಗ್, ಆಮೇಲೆ ವಿಮಾನದ ದಾಖಲೆ ಪುಸ್ತಕ ನೋಡಿ ಸಹಿ, ವಿಮಾನದ ಸುತ್ತ ಒಂದು ಸುತ್ತು ತಪಾಸಣೆ, ಹಾರಾಟ, ಇಳಿದ ಮೇಲೆ ತಾಂತ್ರಿಕ ಸಿಬ್ಬಂದಿಗೆ ದೋಷಗಳ ವಿವರ. ಇಷ್ಟಾದ ಮೇಲೆ, ಅನೇಕ ಸಲ ಹಾರಾಟಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಡಿಬ್ರೀಫಿಂಗ್. ಇದರ ನಡುವೆಯೇ ಹಾರಾಟದ ವೇಳಾಪಟ್ಟಿ ಬರೆಯುವುದು, ಕರ್ತವ್ಯಾಧಿಕಾರಿಯಾಗಿ ಫೋನಿನ ಮುಂದೆ ಕೂರುವುದು, ಪ್ರಕಟಣೆಗಳಿಗೆ ತಿದ್ದುಪಡಿ ಅಂಟಿಸುವುದು, ಅತಿಥಿಗಳನ್ನು ಬರಮಾಡಿಕೊಳ್ಳುವುದು, ಹಾರಾಟದ ಸಿಬ್ಬಂದಿ ಕೂರುವ ಕ್ರ್ಯೂ ರೂಮಿನ ಕಾಫಿ ತಿಂಡಿಯ ಲೆಕ್ಕ ನೋಡಿಕೊಳ್ಳುವುದು ಎಲ್ಲವೂ ಬಂದು ಸೇರುತ್ತವೆ. ಎಲ್ಲರಿಗಿಂತ ಕೊನೆಗೆ ಬಂದವನಿಗೆ ಎಲ್ಲರಿಗಿಂತ ಸಣ್ಣ ಕೆಲಸ ಎಂಬ ನಿಯಮವನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೂ ಅದು ಜಾರಿಯಲ್ಲಿಲ್ಲದ ಸ್ಕ್ವಾಡ್ರನ್ ಸಿಗುವುದು ಕಷ್ಟ.

ಈ ಸಣ್ಣ ಕೆಲಸಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಹೊಸಬ ನಾಲ್ಕು ಜನರ ಬಳಿ ಹೋಗಿ ಮಾತನಾಡಲೇಬೇಕಾಗುತ್ತದೆ. ಕಾಫಿಯ ಡಬ್ಬ ಖಾಲಿಯಾದದ್ದಕ್ಕೆ ಬೈಸಿಕೊಳ್ಳುವ ನೆಪದಲ್ಲೇ ಅವನಿಗೆ ಹಿರಿಯ ನ್ಯಾವಿಗೇಟರ್‌ನ ಪರಿಚಯವಾಗುತ್ತದೆ, ಹತ್ತು ವರ್ಷ ಹಿಂದಿನ ಒಂದು ಅಪಾಯಕಾರಿ ಲ್ಯಾಂಡಿಂಗ್‌ನ ಕತೆ ಕಿವಿಗೆ ಬೀಳುತ್ತದೆ. ಪುಸ್ತಕದಲ್ಲಿಲ್ಲದ ಎಷ್ಟೋ ಪಾಠಗಳು ಹೀಗೇ ಕೈಯಿಂದ ಕೈಗೆ ಬಂದಿವೆ. ಆದ್ದರಿಂದ ಈ ಪತ್ರವನ್ನು ರೂಢಿಗಳ ವಿರುದ್ಧದ ದೂರೆಂದು ದಯವಿಟ್ಟು ಓದಬೇಡಿ. ಮೊದಲ ಸೋಲೋ, ಅಂದರೆ ಒಬ್ಬನೇ ನಡೆಸುವ ಹಾರಾಟ, ಮುಗಿಸಿ ಇಳಿದವನ ಮೇಲೆ ಬಕೆಟ್‌ನಿಂದ ನೀರು ಸುರಿಯುವುದನ್ನು, ಕೊನೆಯ ಹಾರಾಟ ಮುಗಿಸಿದ ಹಿರಿಯನನ್ನು ರನ್‌ವೇ ಪಕ್ಕದಲ್ಲಿ ಕುಟುಂಬದವರು ಕಾದು ನಿಂತು ಸ್ವಾಗತಿಸುವುದನ್ನು ಕಂಡಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಅಪಾಯವನ್ನು ಹಂಚಿಕೊಂಡು ಬದುಕುವ ಜನರಿಗೆ ಇಂಥ ಆಚರಣೆಗಳು ಬೇಕೇ ಬೇಕು.

ಈಗ ನಾನು ಹೇಳಿದ ಆ ಅತ್ಯುತ್ತಮ ರೂಢಿಯ ಕಡೆಗೆ ಬರುತ್ತೇನೆ. ಡಿಬ್ರೀಫಿಂಗ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ದರ್ಜೆ ಹೊರಗೆ ಉಳಿಯುತ್ತದೆ. ಹಾರಾಟದ ಮುಂದಾಳು ಮೊದಲು ತನ್ನ ತಪ್ಪುಗಳನ್ನೇ ಬೋರ್ಡಿನ ಮೇಲೆ ಬರೆಯುತ್ತಾನೆ. ತಿರುವನ್ನು ತಡವಾಗಿ ತೆಗೆದುಕೊಂಡೆ, ರೇಡಿಯೋದಲ್ಲಿ ಗೊಂದಲದ ಮಾತು ಹೇಳಿದೆ ಎಂದು ಒಂದೊಂದಾಗಿ ಒಪ್ಪಿಕೊಳ್ಳುತ್ತಾನೆ. ಆಮೇಲೆ ವಿಡಿಯೋ ಓಡುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ. ಆರು ತಿಂಗಳ ಹಿಂದೆ ಬಂದ, ಮುಂದಾಳುವಿನ ಪಕ್ಕದಲ್ಲಿ ಇನ್ನೊಂದು ವಿಮಾನ ಹಾರಿಸುವ ವಿಂಗ್‌ಮ್ಯಾನ್ ಇಲ್ಲಿ ವಿಂಗ್ ಕಮಾಂಡರ್‌ಗೆ ‘ಸರ್, ಆ ಕ್ಷಣದಲ್ಲಿ ನೀವು ನನ್ನನ್ನು ಕಣ್ಣಿಂದ ಬಿಟ್ಟಿದ್ದಿರಿ’ ಎಂದು ಹೇಳಬಹುದು. ಹಾಗೆ ಹೇಳುವುದು ಅಲ್ಲಿ ಅವನ ಕರ್ತವ್ಯ. ಯಾರು ತಪ್ಪಿದರು ಎಂಬುದಕ್ಕಿಂತ ಏಕೆ ತಪ್ಪಿದರು ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾರೂ ಎದ್ದು ಹೋಗುವಂತಿಲ್ಲ.

ವಿಮಾನವಾಹಕ ನೌಕೆಗಳಲ್ಲಿ ಇದರ ಇನ್ನೊಂದು ರೂಪವಿದೆ. ಅಮೆರಿಕದ ನೌಕಾಪಡೆಯಲ್ಲಿ ನೌಕೆಯ ಮೇಲಿನ ಪ್ರತಿಯೊಂದು ಲ್ಯಾಂಡಿಂಗ್‌ಗೂ ಲ್ಯಾಂಡಿಂಗ್ ಸಿಗ್ನಲ್ ಆಫೀಸರ್‌ಗಳು ಅಂಕ ಕೊಡುತ್ತಾರೆ. ಅವರೂ ಪೈಲಟ್‌ಗಳೇ, ಅವರಲ್ಲಿ ಹಲವರು ಲೆಫ್ಟಿನೆಂಟ್‌ಗಳು. ಹಾರಾಟ ಮುಗಿದ ಮೇಲೆ ಅವರು ಪೈಲಟ್‌ಗಳು ಸೇರುವ ರೆಡಿ ರೂಮಿಗೆ ಬಂದು ಪೈಲಟ್‌ನ ಮುಖಕ್ಕೇ ಅವನ ಲ್ಯಾಂಡಿಂಗ್ ಹೇಗಿತ್ತೆಂದು ಓದಿ ಹೇಳುತ್ತಾರೆ. ಅಂಕವು ಬಣ್ಣದ ಗುರುತಾಗಿ ಗೋಡೆಯ ಮೇಲಿನ ಫಲಕಕ್ಕೆ ಏರುತ್ತದೆ: ಚೆನ್ನಾಗಿದ್ದರೆ ಹಸಿರು, ಸಾಧಾರಣವಾದರೆ ಹಳದಿ, ಅದಕ್ಕೂ ಕೆಳಗಿದ್ದರೆ ಕಂದು. ಒಂದೇ ಫಲಕದಲ್ಲಿ ಕಮಾಂಡರ್‌ನ ಹೆಸರೂ ಇರುತ್ತದೆ, ನಿನ್ನೆ ಬಂದವನ ಹೆಸರೂ ಇರುತ್ತದೆ. ಕಮಾಂಡರ್‌ನ ಸಾಲಿನಲ್ಲಿ ಕಂದು ಚೌಕವಿದ್ದರೆ ಇಡೀ ಸ್ಕ್ವಾಡ್ರನ್ ಅದನ್ನು ನೋಡುತ್ತದೆ. 1969ರ ಮಾರ್ಚ್‌ನಲ್ಲಿ ಇದೇ ನೌಕಾಪಡೆ ಕ್ಯಾಲಿಫೋರ್ನಿಯಾದ ಮಿರಮಾರ್‌ನಲ್ಲಿ ಯುದ್ಧವಿಮಾನಗಳ ಶಾಲೆಯನ್ನು, ಅಂದರೆ ಟಾಪ್‌ಗನ್ ಅನ್ನು, ತೆರೆದಾಗ ಅದರ ಮೊದಲ ಬೋಧಕರಲ್ಲಿ ಹೆಚ್ಚಿನವರು ಕಿರಿಯ ದರ್ಜೆಯವರೇ ಆಗಿದ್ದರು. ವಿಷಯ ಯಾರಿಗೆ ಗೊತ್ತೋ ಅವರು ಪಾಠ ಹೇಳಬೇಕು ಎಂಬ ತತ್ವ ಅಲ್ಲಿ ಕೆಲಸ ಮಾಡಿತು.

ದರ್ಜೆಯೇ ಉಸಿರಾದ ಒಂದು ಸಂಸ್ಥೆ ತನ್ನೊಳಗೇ ಇಂಥ ಕೋಣೆಯೊಂದನ್ನು ಕಟ್ಟಿಕೊಂಡದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಆ ಕೋಣೆಯಿಂದ ಹತ್ತು ಹೆಜ್ಜೆ ಆಚೆ ಬಂದರೆ ಅದೇ ವಿಂಗ್‌ಮ್ಯಾನ್‌ಗೆ ಬಾಯಿ ಕಟ್ಟುತ್ತದೆ. ತಿರುವಿನಲ್ಲಾದ ತಪ್ಪನ್ನು ಹೇಳಬಲ್ಲವನು, ನಿನ್ನೆ ರಾತ್ರಿಯೆಲ್ಲ ಕರ್ತವ್ಯದಲ್ಲಿದ್ದೆ, ಇವತ್ತು ಹಾರಲಾರೆ ಎಂದು ಹೇಳಲಾರ. ತನಗೆ ಕೊಟ್ಟ ಅಡ್ಡಹೆಸರು ತನ್ನನ್ನು ಅವಮಾನಿಸುತ್ತಿದೆ ಎಂದು ಹೇಳಲಾರ. ಎಲ್ಲಕ್ಕಿಂತ ಹೆಚ್ಚಾಗಿ, ಈ ಹಿರಿಯರ ಜೊತೆ ಹಾರಲು ನನಗೆ ಭಯವಾಗುತ್ತದೆ ಎಂದು ಹೇಳಲಾರ.

ಆ ಕೊನೆಯ ಮಾತು ಎಷ್ಟು ಮುಖ್ಯವೆಂದು ತಿಳಿಯಲು 1994ರ ಜೂನ್ 24ರಂದು ಅಮೆರಿಕದ ಫೇರ್‌ಚೈಲ್ಡ್ ವಾಯುನೆಲೆಯಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಬೇಕು. ವೈಮಾನಿಕ ಪ್ರದರ್ಶನದ ಅಭ್ಯಾಸದಲ್ಲಿದ್ದ ಬಿ-52 ಬಾಂಬರ್ ಒಂದು ಕಂಟ್ರೋಲ್ ಟವರ್ ಸುತ್ತ ಬಹಳ ಕೆಳಮಟ್ಟದಲ್ಲಿ ಕಡಿದಾದ ತಿರುವು ತೆಗೆದುಕೊಳ್ಳುತ್ತ ನೆಲಕ್ಕಪ್ಪಳಿಸಿತು. ಒಳಗಿದ್ದ ನಾಲ್ವರೂ ಸತ್ತರು. ವಿಮಾನ ನಡೆಸುತ್ತಿದ್ದ ಲೆಫ್ಟಿನೆಂಟ್ ಕರ್ನಲ್ ಆರ್ಥರ್ ಹಾಲೆಂಡ್, ಹಲವು ಸ್ಕ್ವಾಡ್ರನ್‌ಗಳು ಸೇರಿದ ಅಲ್ಲಿನ ವಿಂಗ್‌ನಲ್ಲಿ ಪೈಲಟ್‌ಗಳ ಗುಣಮಟ್ಟವನ್ನು ಅಳೆಯುವ ವಿಭಾಗದ ಮುಖ್ಯಸ್ಥ. ನಿಯಮಗಳನ್ನು ಮೀರಿ ಹಾರುವುದು ಆತನಿಗೆ ಹೊಸದಾಗಿರಲಿಲ್ಲ. ವರ್ಷಗಳಿಂದ ಎಲ್ಲರ ಕಣ್ಣೆದುರಿಗೇ ನಡೆದು ಬಂದಿತ್ತು.

ಆ ವರ್ಷದ ಮಾರ್ಚ್‌ನಲ್ಲಿ ಯಾಕಿಮಾದ ಬಾಂಬ್ ಅಭ್ಯಾಸ ಪ್ರದೇಶದಲ್ಲಿ ಆತ ಬೆಟ್ಟದ ಏಣನ್ನು ಬಹುತೇಕ ಸವರಿಕೊಂಡು ಹಾರಿದ ಮೇಲೆ, ಇನ್ನು ಈತನ ಜೊತೆ ಹಾರುವುದಿಲ್ಲವೆಂದು ಸಿಬ್ಬಂದಿ ನಿರ್ಧರಿಸಿದರು. ಅವರ ಮಾತನ್ನು ಕೇಳಿಸಿಕೊಂಡ ಒಬ್ಬ ಅಧಿಕಾರಿ ಇದ್ದ. ಅವನೇ ಸ್ಕ್ವಾಡ್ರನ್ ಕಮಾಂಡರ್ ಮಾರ್ಕ್ ಮೆಕ್‌ಗೀಹನ್. ಹಾಲೆಂಡ್‌ನನ್ನು ಹಾರಾಟದಿಂದ ಕೆಳಗಿಳಿಸಬೇಕೆಂದು ಆತ ಮೇಲಿನವರನ್ನು ಕೇಳಿಕೊಂಡ. ಬಾಯಿಮಾತಿನ ಎಚ್ಚರಿಕೆಯೊಂದರಲ್ಲಿ ಅದು ಮುಗಿಯಿತು. ಆಗ ಮೆಕ್‌ಗೀಹನ್ ತನ್ನ ಕಿರಿಯರನ್ನು ಕಾಪಾಡಲು ತನಗೆ ಉಳಿದಿದ್ದ ಒಂದೇ ದಾರಿಯನ್ನು ಹಿಡಿದ: ಹಾಲೆಂಡ್ ಜೊತೆ ತನ್ನ ಸ್ಕ್ವಾಡ್ರನ್ನಿನವರು ಹಾರುವುದಾದರೆ ಸಹಪೈಲಟ್ ಆಸನದಲ್ಲಿ ತಾನೇ ಕೂರುವುದಾಗಿ ತೀರ್ಮಾನಿಸಿದ. ಜೂನ್ 24ರಂದು ಆತ ಆ ಆಸನದಲ್ಲಿದ್ದ. ಅದೇ ವಿಮಾನದಲ್ಲಿದ್ದ ಕರ್ನಲ್ ರಾಬರ್ಟ್ ವುಲ್ಫ್‌ಗೆ ಅದು ಸಂಪ್ರದಾಯದಂತೆ ಆಚರಿಸುವ ಕೊನೆಯ ಹಾರಾಟವಾಗಿತ್ತು. ಇಳಿದ ಕೂಡಲೇ ಸಂಭ್ರಮಿಸಲೆಂದು ಅವರ ಮನೆಯವರು, ಗೆಳೆಯರು ಕೆಳಗೆ ಕಾದಿದ್ದರು. ಹಾಲೆಂಡ್‌ನನ್ನು ತಡೆಯದೆ ಬಿಟ್ಟ ಮೇಲಧಿಕಾರಿ ಮುಂದೆ ಸೈನಿಕ ನ್ಯಾಯಾಲಯದಲ್ಲಿ ಕರ್ತವ್ಯಲೋಪವನ್ನು ಒಪ್ಪಿಕೊಂಡರು.

ಮಾನ್ಯರೇ, ಮೆಕ್‌ಗೀಹನ್ ನಿಮ್ಮ ಹುದ್ದೆಯಲ್ಲಿದ್ದವರು. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಕಿರಿಯರ ಅಂಜಿಕೆಗೆ ವ್ಯವಸ್ಥೆ ಕಿವಿಗೊಟ್ಟಿದ್ದರೆ ಅವರು ಆ ಆಸನದಲ್ಲಿ ಕೂರುವ ಅಗತ್ಯವೇ ಬರುತ್ತಿರಲಿಲ್ಲ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಕ್ರ್ಯೂ ರೂಮಿನಲ್ಲಿ ಕಿರಿಯರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಪಿಸುಮಾತು ಹಾರಾಟ ಸುರಕ್ಷತೆಯ ಮೊದಲ ವರದಿ. ನಿಮ್ಮ ಮೇಜಿಗೆ ಬರುವ ಅಧಿಕೃತ ಕಾಗದ ಎರಡನೆಯದು, ಅನೇಕ ಸಲ ತಡವಾಗಿ ಬರುವಂಥದು.

ಅಮೆರಿಕದ ಸ್ಕ್ವಾಡ್ರನ್‌ಗಳಲ್ಲಿ ಕಿರಿಯ ಅಧಿಕಾರಿಗಳು ತಮ್ಮದೇ ಒಂದು ಅನಧಿಕೃತ ಕೂಟ ಮಾಡಿಕೊಂಡಿರುತ್ತಾರೆ. ನೌಕಾಪಡೆಯಲ್ಲಿ ಅದನ್ನು ಕಿರಿಯ ಅಧಿಕಾರಿಗಳ ರಕ್ಷಣಾ ಸಂಘ ಎನ್ನುತ್ತಾರೆ, ಬೇರೆ ಕಡೆ ಲೆಫ್ಟಿನೆಂಟರ ರಕ್ಷಣಾ ಸಂಘ. ಅದಕ್ಕೆ ನೋಂದಣಿ ಇಲ್ಲ, ಅಧಿಕಾರವೂ ಇಲ್ಲ. ಹೆಸರಿನಲ್ಲಿ ತಮಾಷೆಯೂ ಇದೆ. ಆದರೆ ಅದು ಮಾಡುವ ಕೆಲಸ ನಿಜವಾದದ್ದು. ಒಬ್ಬನ ಮಗುವಿಗೆ ಹುಷಾರಿಲ್ಲವೆಂದರೆ ಇನ್ನೊಬ್ಬ ಅವನ ರಾತ್ರಿಪಾಳಿಯನ್ನು ತಾನು ತೆಗೆದುಕೊಳ್ಳುತ್ತಾನೆ. ಸಾಮರ್ಥ್ಯ ಪರೀಕ್ಷಿಸುವ ಹಾರಾಟವಾದ ಚೆಕ್ ರೈಡ್‌ನಲ್ಲಿ ಫೇಲಾಗಿ ಕೋಣೆ ಸೇರಿದವನ ಬಾಗಿಲು ತಟ್ಟಿ ಹೊರಗೆ ಕರೆದುಕೊಂಡು ಬರುತ್ತಾರೆ. ಒಬ್ಬನೇ ಹೇಳಲಾಗದ ಮಾತನ್ನು ಎಲ್ಲರ ಪರವಾಗಿ ಅವರಲ್ಲೇ ಹಿರಿಯನಾದವನು ಹೇಳುತ್ತಾನೆ. ಬೇರೆ ದೇಶಗಳ ಕ್ರ್ಯೂ ರೂಮುಗಳಲ್ಲಿ ಈ ಕೂಟಕ್ಕೆ ಹೆಸರಿಲ್ಲದಿರಬಹುದು, ಕೂಟವಂತೂ ಇದ್ದೇ ಇರುತ್ತದೆ. ಅದನ್ನು ಗುಂಪುಗಾರಿಕೆಯೆಂದು ಅನುಮಾನಿಸಬೇಡಿ. ತಿಂಗಳಿಗೊಮ್ಮೆಯಾದರೂ ಅವರ ಪ್ರತಿನಿಧಿಯನ್ನು ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಅವರೇನು ಮಾತನಾಡಿಕೊಳ್ಳುತ್ತಿದ್ದಾರೆಂದು ಕೇಳಿ. ಯಾರು ಹೇಳಿದರೆಂದು ಮಾತ್ರ ಕೇಳಬೇಡಿ.

ಕಾಲ್‌ಸೈನ್‌ಗಳ ವಿಷಯವನ್ನೂ ಇಲ್ಲೇ ಹೇಳಬೇಕು. ಹೊಸಬನಿಗೆ ಸ್ಕ್ವಾಡ್ರನ್ನಿನವರು ಸೇರಿ ಈ ಅಡ್ಡಹೆಸರಿಡುವ ಸಂಜೆ ಅವನು ತಮ್ಮವನಾದನೆಂಬುದರ ಗುರುತು. ಆ ಹೆಸರು ಸಾಮಾನ್ಯವಾಗಿ ಅವನ ಯಾವುದೋ ಪೆಚ್ಚುತನದಿಂದ ಹುಟ್ಟುತ್ತದೆ, ತಾನೇ ಆರಿಸಿಕೊಳ್ಳುವಂತಿಲ್ಲ, ಬೇಡವೆಂದರೆ ಇನ್ನೂ ಕೆಟ್ಟದ್ದು ಸಿಗುತ್ತದೆ. ಹೀಗೆ ಬಂದ ಹೆಸರು ಎಷ್ಟೋ ಜನರಿಗೆ ಜೀವನಪೂರ್ತಿ ಪ್ರೀತಿಯ ಹೆಸರಾಗಿ ಉಳಿಯುತ್ತದೆ. ಆದರೆ ಮಾಡಿದ ಕೆಲಸವನ್ನು ಕುರಿತು ನಗುವುದಕ್ಕೂ ಹುಟ್ಟನ್ನು ಕುರಿತು ನಗುವುದಕ್ಕೂ ಅಜಗಜಾಂತರವಿದೆ. ಚರ್ಮದ ಬಣ್ಣ, ಧರ್ಮ, ಲಿಂಗ, ಆಡುವ ಭಾಷೆಯ ರಾಗ ಇವುಗಳ ಮೇಲೆ ಕಟ್ಟಿದ ಹೆಸರನ್ನು ರೇಡಿಯೋದಲ್ಲಿ ದಿನವೂ ಕೇಳಿಸಿಕೊಳ್ಳುವವನು ನಕ್ಕರೆ ಅದು ಒಪ್ಪಿಗೆಯಲ್ಲ. ಅಮೆರಿಕದ ನೌಕಾಪಡೆಯಲ್ಲಿ ಕಪ್ಪು ವರ್ಣದ ಪೈಲಟ್‌ಗಳ ದೂರುಗಳ ತನಿಖೆಯಾದ ಮೇಲೆ, 2019ರಲ್ಲಿ ಕಾಲ್‌ಸೈನ್ ಕೊಡುವ ಪದ್ಧತಿಯ ಬಗ್ಗೆ ಹೊಸ ಸೂಚನೆಗಳು ಹೊರಟವು. ಎಲ್ಲ ಕಡೆಯೂ ಹೀಗೆ ದೂರು ಬರುವವರೆಗೆ ಏಕೆ ಕಾಯಬೇಕು? ಹೆಸರಿಡುವ ಸಂಜೆ ನೀವು ಆ ಕೋಣೆಯಲ್ಲಿರಿ, ಅಥವಾ ನೀವು ನಂಬುವ ಒಬ್ಬರಿರಲಿ. ಹೆಸರು ಇಟ್ಟ ಒಂದು ವಾರದ ನಂತರ ಆ ಅಧಿಕಾರಿಯನ್ನು ಒಬ್ಬನೇ ಸಿಕ್ಕಾಗ ಮಾತನಾಡಿಸಿ. ಬದಲಿಸಬೇಕೆಂದರೆ ಸದ್ದಿಲ್ಲದೆ ಬದಲಿಸಿ.

ಸಂಭ್ರಮವು ಹಿಡಿತ ತಪ್ಪಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 1991ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ, ಅಮೆರಿಕದ ನೌಕಾಪಡೆಯ ವೈಮಾನಿಕರ ಟೇಲ್‌ಹುಕ್ ಸಮಾವೇಶ ತೋರಿಸಿಕೊಟ್ಟಿತು. ಅಲ್ಲಿ 83 ಮಹಿಳೆಯರು ಮತ್ತು 7 ಪುರುಷರ ಮೇಲೆ ದೌರ್ಜನ್ಯವಾಯಿತೆಂದು ಅಲ್ಲಿನ ರಕ್ಷಣಾ ಇಲಾಖೆಯ ತನಿಖೆ ದಾಖಲಿಸಿತು. ಹೆಲಿಕಾಪ್ಟರ್ ಪೈಲಟ್ ಲೆಫ್ಟಿನೆಂಟ್ ಪೌಲಾ ಕಫ್ಲಿನ್ ದೂರು ಕೊಟ್ಟು, 1992ರಲ್ಲಿ ಬಹಿರಂಗವಾಗಿ ಮಾತನಾಡಿದ ಮೇಲೆಯೇ ದೇಶ ಎಚ್ಚೆತ್ತದ್ದು; ಆ ಜೂನ್‌ನಲ್ಲಿ ನೌಕಾಪಡೆಯ ಕಾರ್ಯದರ್ಶಿ ರಾಜೀನಾಮೆ ಕೊಟ್ಟರು. ನನ್ನನ್ನು ಇಂದಿಗೂ ಕಾಡುವುದು ಅಲ್ಲಿದ್ದ ಹಿರಿಯರ ವಿಷಯ. ದೌರ್ಜನ್ಯ ನಡೆದ ಹೋಟೆಲ್ ಮಹಡಿಯ ಕಾರಿಡಾರ್‌ನಲ್ಲಿ ಏನು ನಡೆಯುತ್ತದೆಂದು ತಿಳಿಯದಷ್ಟು ದೂರದಲ್ಲಿ ಅವರಲ್ಲಿ ಹಲವರು ಇರಲಿಲ್ಲ. ಗಂಡಸರು ಮಾತ್ರ ಇದ್ದ ಕಾಲದಲ್ಲಿ ಹುಟ್ಟಿದ ಆಚರಣೆಗಳು ಈಗ ಹೆಣ್ಣುಮಕ್ಕಳೂ ಯುದ್ಧವಿಮಾನ ನಡೆಸುವ ಸ್ಕ್ವಾಡ್ರನ್‌ಗಳಲ್ಲಿ ಮುಂದುವರಿಯುತ್ತಿವೆ. ಅವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನವನ್ನು ಸ್ಕ್ವಾಡ್ರನ್ನಿಗೆ ಹೊಸದಾಗಿ ಬಂದ ಒಬ್ಬ ಯುವತಿಯ ಹೆಗಲಿಗೆ ಹಾಕುವುದು ಅನ್ಯಾಯ. ಅದು ನಿಮ್ಮ ಕೆಲಸ.

ದಣಿವಿನ ವಿಷಯ ಹೇಳದೆ ಪತ್ರ ಮುಗಿಸಲಾರೆ. ಹಾರಾಟಕ್ಕೆ ಮುಂಚೆ ಇಂತಿಷ್ಟು ಗಂಟೆ ಮದ್ಯ ಮುಟ್ಟಬಾರದೆಂಬ ನಿಯಮವನ್ನು ಎಲ್ಲ ಪಡೆಗಳೂ ಕಟ್ಟುನಿಟ್ಟಾಗಿ ಪಾಲಿಸುತ್ತವೆ, ಮೀರಿದವನಿಗೆ ಕ್ಷಮೆಯಿಲ್ಲ. ನಿದ್ರೆಯ ವಿಷಯದಲ್ಲಿ ಅಷ್ಟು ಬಿಗಿ ಇಲ್ಲ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆಯು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಕುಸಿದಿತ್ತು. ಬೆಳಗಿನ ಜಾವ ಬ್ರೀಫಿಂಗ್‌ಗೆ ಎದ್ದು, ಹಾರಿ, ಡಿಬ್ರೀಫಿಂಗ್ ಮುಗಿಸಿ, ಸಂಜೆ ವೇಳಾಪಟ್ಟಿ ಬರೆಯಲು ಕೂತ ಕಿರಿಯ ಅಧಿಕಾರಿ ಮನೆ ಸೇರುವಷ್ಟರಲ್ಲಿ ಆ ಗಡಿ ಹತ್ತಿರ ಬಂದಿರುತ್ತದೆ. ವಿಶ್ರಾಂತಿಯ ಗಂಟೆಗಳ ನಿಯಮ ಕಾಗದದ ಮೇಲಿದೆ. ಆದರೆ ಮನೆಗೆ ಹೋದ ಮೇಲೂ ಫೋನ್ ಬರುತ್ತದೆ, ನಾಳೆಯ ಪಟ್ಟಿಯಲ್ಲೊಂದು ಬದಲಾವಣೆ ಮಾಡಬೇಕಂತೆ, ಅರ್ಧ ಗಂಟೆಯ ಕೆಲಸವಂತೆ. ಇಲ್ಲವೆನ್ನಲು ಆ ವಯಸ್ಸಿನಲ್ಲಿ ಯಾರಿಗೆ ಬಾಯಿ ಬರುತ್ತದೆ?

ಇಲ್ಲಿ ಇನ್ನೊಂದು ವೈಪರೀತ್ಯವಿದೆ. ಯುದ್ಧದಲ್ಲಿ ಮೊದಲ ಹತ್ತು ಕಾರ್ಯಾಚರಣೆಗಳನ್ನು ದಾಟಿದ ಪೈಲಟ್ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚೆಂಬ ತಿಳಿವಳಿಕೆಯಿಂದಲೇ ಅಮೆರಿಕದ ವಾಯುಪಡೆ 1975ರಲ್ಲಿ ರೆಡ್ ಫ್ಲಾಗ್ ಅಭ್ಯಾಸವನ್ನು ಆರಂಭಿಸಿತು. ಆ ಮೊದಲ ಹತ್ತನ್ನು ತರಬೇತಿಯಲ್ಲೇ ಕೊಟ್ಟುಬಿಡುವುದು ಅದರ ಉದ್ದೇಶ. ಅಂದರೆ ಹೊಸಬನಿಗೆ ಹಾರಾಟದ ಅನುಭವ ಎಲ್ಲರಿಗಿಂತ ಹೆಚ್ಚು ತುರ್ತಾಗಿ ಬೇಕು. ಅದೇ ಹೊಸಬನ ತಲೆಯ ಮೇಲೆ ನಾವು ಎಲ್ಲರಿಗಿಂತ ಹೆಚ್ಚು ಕಾಗದದ ಕೆಲಸ ಹೇರುತ್ತೇವೆ, ಏಕೆಂದರೆ ಹಿಂದೆ ನಮ್ಮ ಮೇಲೂ ಹಾಗೇ ಹೇರಿದ್ದರು ಎನ್ನುತ್ತೇವೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಈ ಲೆಕ್ಕ ವಿಮಾನ ಹಾರಿಸುವವರ ನಡುವೆ ನಡೆಯಬಾರದು. ಕಾಫಿಯ ಲೆಕ್ಕ ಅವನಲ್ಲೇ ಇರಲಿ. ವೇಳಾಪಟ್ಟಿ ಬರೆಯುವ ಮತ್ತು ರಾತ್ರಿ ಫೋನ್ ಕಾಯುವ ಕೆಲಸಗಳನ್ನು ಮಾತ್ರ ಹಿರಿಯ ಫ್ಲೈಟ್ ಲೆಫ್ಟಿನೆಂಟರವರೆಗೂ ಸರದಿಯಲ್ಲಿ ಹಂಚಿ, ಆ ಸರದಿಯಲ್ಲಿ ಅಪರೂಪಕ್ಕೊಮ್ಮೆ ನಿಮ್ಮ ಹೆಸರೂ ಇರಲಿ. ಕಮಾಂಡರ್ ಒಂದು ಇರುಳು ಆ ಮೇಜಿನ ಮುಂದೆ ಕೂತರೆ, ಯಾವ ಕೆಲಸ ಬೇಕಾದದ್ದು, ಯಾವುದು ಬೇಡದ್ದು ಎಂದು ಬೆಳಗಾಗುವುದರೊಳಗೆ ತಿಳಿದುಬಿಡುತ್ತದೆ.

ಕಿರಿಯರ ಮಾತಿಗೆ ಜಾಗ ಮಾಡಿಕೊಡುವುದು ಸೈನಿಕ ಶಿಸ್ತಿಗೆ ಹೊರತಾದದ್ದೆಂದು ಯಾರಾದರೂ ಹೇಳಿದರೆ ಅವರಿಗೆ ಸೈನಿಕ ನ್ಯಾಯಾಲಯದ ಹಳೆಯ ಪದ್ಧತಿಯನ್ನು ತೋರಿಸಿ. ಬ್ರಿಟಿಷ್ ಸಂಪ್ರದಾಯದಲ್ಲಿ ಬೆಳೆದ ಕೋರ್ಟ್ ಮಾರ್ಷಲ್‌ಗಳಲ್ಲಿ ತೀರ್ಪಿನ ಮತವನ್ನು ಎಲ್ಲರಿಗಿಂತ ಕಿರಿಯ ಸದಸ್ಯನಿಂದ ಆರಂಭಿಸುತ್ತಾರೆ. ಹಿರಿಯನ ಅಭಿಪ್ರಾಯ ಮೊದಲೇ ಕಿವಿಗೆ ಬಿದ್ದರೆ ಕಿರಿಯನು ತನ್ನದನ್ನು ಅಡಗಿಸಿಕೊಳ್ಳುತ್ತಾನೆಂಬುದು ಶಿಸ್ತಿನ ಆ ಪರಮ ಸ್ಥಾನದಲ್ಲಿ ಕೂತವರಿಗೆ ಎಂದೋ ತಿಳಿದಿತ್ತು. ವಾರದ ಸುರಕ್ಷತಾ ಸಭೆಯನ್ನೂ ಹಾಗೆಯೇ ನಡೆಸಬಹುದು: ಮೊದಲ ಮಾತು ಕೊನೆಗೆ ಬಂದವನದು, ಕೊನೆಯ ಮಾತು ನಿಮ್ಮದು.

ಇನ್ನೊಂದು ಕೋರಿಕೆ ಲಿಖಿತ ರೂಪದ್ದು. ದಣಿದಿದ್ದೇನೆಂದೋ, ಜೊತೆಗಾರನ ಹಾರಾಟ ಸರಿಯಿಲ್ಲವೆಂದೋ ಒಬ್ಬ ಕಿರಿಯ ಅಧಿಕಾರಿ ಒಂದು ಹಾರಾಟವನ್ನು ನಿರಾಕರಿಸಿದರೆ ಆ ಸಂಗತಿ ಅವನ ವಾರ್ಷಿಕ ಗೋಪ್ಯ ವರದಿಯಲ್ಲಿ ಯಾವ ರೂಪದಲ್ಲೂ ಅವನ ವಿರುದ್ಧ ಬರುವುದಿಲ್ಲವೆಂದು ನಿಮ್ಮ ಸಹಿಯಿರುವ ಒಂದು ಆದೇಶ ಹೊರಡಿಸಿ, ಕ್ರ್ಯೂ ರೂಮಿನ ಗೋಡೆಗೆ ಹಾಕಿಸಿ. ಇದನ್ನು ದುರುಪಯೋಗ ಮಾಡಿಕೊಳ್ಳುವವರು ಇರುತ್ತಾರೆಂಬ ಆತಂಕ ನಿಮಗಿರಬಹುದು. ಹಾರುವ ಅವಕಾಶಕ್ಕಾಗಿ ಹವಾಮಾನ ತಿಳಿಯಾಗಲೆಂದು ಕಿಟಕಿಯ ಬಳಿ ಗಂಟೆಗಟ್ಟಲೆ ನಿಲ್ಲುವ ಈ ಹುಡುಗ ಹುಡುಗಿಯರನ್ನು ನೋಡಿದ ನನಗೆ ಆ ಆತಂಕವಿಲ್ಲ. ಅವರು ಹಾರುವುದಿಲ್ಲವೆಂದರೆ ಅದಕ್ಕೊಂದು ಗಟ್ಟಿ ಕಾರಣವಿರುತ್ತದೆ, ಆ ಕಾರಣ ನಿಮಗೆ ಗೊತ್ತಾಗಬೇಕು. ಆದೇಶ ಹೊರಟ ಮೇಲೆ ಮೊದಲ ಬಾರಿಗೆ ಯಾರಾದರೂ ಅದನ್ನು ಬಳಸಿಕೊಂಡಾಗ ಇಡೀ ಸ್ಕ್ವಾಡ್ರನ್ ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ. ಆ ದಿನ ಆ ಅಧಿಕಾರಿಗೆ ಎಲ್ಲರ ಎದುರು ಧನ್ಯವಾದ ಹೇಳಿ.

ವಿಶ್ವಾಸದಿಂದ,
ಹಾರಾಟ ಸುರಕ್ಷತೆಯ ಒಬ್ಬ ಬೋಧಕ